ಐದು ದಿನದ ಆಸರೆಯ ನಂತರ ಎಲ್ಲಿಗೆ?

ಹಿಂಸೆಗೆ ಒಳಗಾದ ಮಹಿಳೆಯರ ನೆರವಿಗೆಂದೇ ಇರುವ ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರ್‌ಗೆ ಬಂದ ನೊಂದ ಮಹಿಳೆ ಅಲ್ಲಿ ಹೆಚ್ಚೆಂದರೆ ಐದು ದಿನ ಉಳಿಯಬಹುದು ಎನ್ನುತ್ತದೆ ಆ ಯೋಜನೆಯ ಮಾರ್ಗಸೂಚಿ. ಆಕೆ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದರೆ, ಮೊದಲ ವಿಚಾರಣೆ ನಡೆದ 60 ದಿನಗಳೊಳಗೆ ಅದನ್ನು ಇತ್ಯರ್ಥಪಡಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆಯ 12ನೇ ಕಲಂ. ಅಷ್ಟರೊಳಗೆ ಮುಗಿದ ಪ್ರಕರಣ ಕಾಣಸಿಗುವುದು ವಿರಳ. ವಾಯಿದೆಯ ಮೇಲೆ ವಾಯಿದೆ ಬಿದ್ದು ವರ್ಷಗಳು ಉರುಳುವುದೇ ಹೆಚ್ಚು. ಕಾನೂನು ತಾನೇ ಹಾಕಿಕೊಂಡ ಗಡುವು ತಪ್ಪದೆ ಪಾಲನೆಯಾಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಐದನೆಯ ದಿನದಿಂದ ಅರವತ್ತನೆಯ ದಿನದವರೆಗೆ ಆಕೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿರಬೇಕು, ಏನು ಉಣ್ಣಬೇಕು, ಮಕ್ಕಳನ್ನು ಯಾವ ಶಾಲೆಗೆ ಕಳಿಸಬೇಕು ಎಂಬುದಕ್ಕೆ ನಮ್ಮ ವ್ಯವಸ್ಥೆಯಲ್ಲಿ ಒಂದೇ ಕಡೆ ಸಿಗುವ ಉತ್ತರವಿಲ್ಲ. ಗಂಡನ ಮನೆಯ ಹೊಡೆತದಿಂದ ತಪ್ಪಿಸಿಕೊಂಡು ಬಂದ ಹೆಂಗಸರಲ್ಲಿ ಎಷ್ಟೋ ಮಂದಿ ಮತ್ತೆ ಅದೇ ಮನೆಯ ಬಾಗಿಲು ತಟ್ಟುವುದು ಈ ಕಂದಕಕ್ಕೆ ಬಿದ್ದ ಮೇಲೆ.

ಸಮಸ್ಯೆ ಎಷ್ಟು ದೊಡ್ಡದು ಎಂಬ ಬಗ್ಗೆ ಅನುಮಾನ ಉಳಿದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ 18ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇ 29.3. ಕರ್ನಾಟಕದಲ್ಲಿ ಶೇ 44.4, ದೇಶದ ರಾಜ್ಯಗಳಲ್ಲೆಲ್ಲ ಅತಿ ಹೆಚ್ಚು. ಅದಕ್ಕೂ ಹಿಂದಿನ 2015–16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಪ್ರಮಾಣ ಶೇ 20.6 ಇತ್ತು. ಈ ಏರಿಕೆಯನ್ನು ಕೊರೊನಾ ಕಾಲದ ಲಾಕ್‌ಡೌನ್ ತಲೆಗೆ ಕಟ್ಟುವವರಿದ್ದಾರೆ. ಆದರೆ ಕರ್ನಾಟಕದಲ್ಲಿ ಈ ಸಮೀಕ್ಷೆಯ ಮನೆಭೇಟಿಗಳು 2019ರಲ್ಲೇ, ಅಂದರೆ ರೋಗ ಬರುವ ಮುನ್ನವೇ ಮುಗಿದಿದ್ದವು. ಹಿಂಸೆಯೇ ಇಮ್ಮಡಿಯಾಯಿತೋ, ಮೊದಲು ಮುಚ್ಚಿಟ್ಟಿದ್ದನ್ನು ಹೆಂಗಸರು ಈಗ ಬಾಯಿಬಿಟ್ಟು ಹೇಳತೊಡಗಿದರೋ, ಎರಡೂ ಸೇರಿತೋ ಎಂಬ ಚರ್ಚೆ ನಡೆಯಲಿ. ಯಾವುದೇ ಆಗಿರಲಿ, ಹತ್ತು ವಿವಾಹಿತೆಯರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ತಮಗೆ ಏಟು ಬಿದ್ದಿದೆ ಎಂದು ಮನೆಗೆ ಬಂದ ಅಪರಿಚಿತರ ಮುಂದೆ ಒಪ್ಪಿಕೊಂಡ ರಾಜ್ಯ ನಮ್ಮದು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ. ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರಲ್ಲಿ ಅದನ್ನು ನಿಲ್ಲಿಸಲು ಯಾರ ಸಹಾಯವನ್ನಾದರೂ ಕೇಳಿದವರು ಶೇ 14ರಷ್ಟು ಮಾತ್ರ. ಶೇ 77ರಷ್ಟು ಮಂದಿ ಸಹಾಯ ಕೇಳುವುದಿರಲಿ, ಯಾರಲ್ಲೂ ಬಾಯಿಬಿಟ್ಟೇ ಇಲ್ಲ. ಸಹಾಯ ಕೇಳುವವರೂ ಮೊದಲು ಹೋಗುವುದು ಹುಟ್ಟಿದ ಮನೆಗೆ. ಪೊಲೀಸ್ ಠಾಣೆ, ವಕೀಲರು, ಸಂಘ ಸಂಸ್ಥೆಗಳ ಸರದಿ ಬರುವುದು ಬಹಳ ತಡವಾಗಿ. ಹೀಗಾಗಿ ನಮ್ಮ ಸಮಾಜದಲ್ಲಿ ಆಶ್ರಯ ಧಾಮವೆಂದರೆ ಇಂದಿಗೂ ಮುಖ್ಯವಾಗಿ ತವರುಮನೆಯೇ.

ಆ ತವರಿಗಾದರೂ ಎಷ್ಟು ದಿನದ ತಾಳ್ಮೆ? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಮಾತನ್ನು ಈಗ ಯಾರೂ ಎದುರಿಗೆ ಹೇಳಲಿಕ್ಕಿಲ್ಲ, ನಡೆಯುವುದು ಮಾತ್ರ ಬಹುಮಟ್ಟಿಗೆ ಅದರಂತೆಯೇ. ಮದುವೆಗೆ ಮಾಡಿದ ಸಾಲ ಇನ್ನೂ ತೀರಿರುವುದಿಲ್ಲ, ತಂಗಿಯ ಮದುವೆ ಬಾಕಿಯಿರುತ್ತದೆ, ಅಣ್ಣನ ಸಂಸಾರ ಎರಡು ಕೋಣೆಯ ಮನೆಯಲ್ಲಿ ಇಕ್ಕಟ್ಟಿನಲ್ಲಿರುತ್ತದೆ. ಮೊದಲ ವಾರ ಮರುಕ, ಎರಡನೆಯ ವಾರ ಊರವರ ಪ್ರಶ್ನೆ, ತಿಂಗಳಾಗುವ ಹೊತ್ತಿಗೆ ‘ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು’ ಎಂಬ ಬುದ್ಧಿಮಾತು. ಹೆತ್ತವರು ಕಟುಕರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ಬಹಳಷ್ಟು ಮಂದಿ ನಿಜಕ್ಕೂ ದಿಕ್ಕುತೋಚದವರು. ಆದರೆ ಒಂದು ಕುಟುಂಬದ ಆರ್ಥಿಕ ಶಕ್ತಿಯ ಮೇಲೆ, ಅಣ್ಣ ಅತ್ತಿಗೆಯರ ಒಳ್ಳೆಯತನದ ಮೇಲೆ ಒಬ್ಬ ಹೆಣ್ಣುಮಗಳ ಜೀವದ ಭದ್ರತೆಯನ್ನು ಬಿಟ್ಟುಬಿಡುವುದು ಸರ್ಕಾರಕ್ಕೆ ಒಪ್ಪುವ ಮಾತಲ್ಲ. ತಂದೆತಾಯಿ ಇಲ್ಲದವರು, ಮನೆಯವರ ವಿರೋಧ ಕಟ್ಟಿಕೊಂಡು ಜಾತಿ ಮೀರಿ ಮದುವೆಯಾದವರು, ಕೂಲಿಗಾಗಿ ರಾಯಚೂರು, ಯಾದಗಿರಿಯಿಂದ ಬೆಂಗಳೂರಿಗೆ ಬಂದು ಶೆಡ್ಡಿನಲ್ಲಿ ಬದುಕುವವರು — ಇವರಿಗೆ ಹೋಗಲು ಆ ತವರೂ ಇಲ್ಲ.

ಮನೆ ಬಿಟ್ಟ ಮೊದಲ ರಾತ್ರಿ

ಅಥಣಿಯ ಕಡೆಯ ಹಳ್ಳಿಯೊಂದರಿಂದಲೋ ಪಾವಗಡದ ಗಡಿಯ ಊರಿನಿಂದಲೋ ರಾತ್ರಿ ಹತ್ತು ಗಂಟೆಗೆ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಹೊರಬಿದ್ದಳು ಎಂದುಕೊಳ್ಳಿ. ಸಖಿ ಕೇಂದ್ರವಿರುವ ಬೆಳಗಾವಿ ಅಥಣಿಯಿಂದ ನೂರು ಕಿಲೋಮೀಟರಿಗೂ ದೂರ. ಪಾವಗಡಕ್ಕೂ ತುಮಕೂರಿಗೂ ಹೆಚ್ಚುಕಡಿಮೆ ಅಷ್ಟೇ ಅಂತರ. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ ಸಾರಿಗೆ ಬಸ್ಸಿನಲ್ಲಿ ಆಕೆ ದುಡ್ಡಿಲ್ಲದೆ ಪ್ರಯಾಣ ಮಾಡಬಹುದು, ಇದು ಸಣ್ಣ ಅನುಕೂಲವಲ್ಲ. ಆದರೆ ಅದಕ್ಕೆ ಗುರುತಿನ ಚೀಟಿ ತೋರಿಸಬೇಕು. ಹೊಡೆಯುವ ಗಂಡಂದಿರಲ್ಲಿ ಅನೇಕರು ಮೊದಲು ಕಿತ್ತಿಟ್ಟುಕೊಳ್ಳುವುದು ಹೆಂಡತಿಯ ಮೊಬೈಲು ಮತ್ತು ಆಧಾರ್ ಕಾರ್ಡು. ಮೇಲಾಗಿ ಆ ಹೊತ್ತಿನಲ್ಲಿ ಹಳ್ಳಿಯಿಂದ ಬಸ್ಸೂ ಇರುವುದಿಲ್ಲ.

ಹೀಗಾಗಿ ಆಕೆಯ ಮುಂದಿರುವುದು ಎರಡು ಬಾಗಿಲು: ತಾಲ್ಲೂಕು ಆಸ್ಪತ್ರೆ, ಇಲ್ಲವೆ ಪೊಲೀಸ್ ಠಾಣೆ. ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಬೀಳುತ್ತದೆ. ಗಾಯ ಹೇಗಾಯಿತೆಂದು ಕೇಳಿದಾಗ ‘ಬಚ್ಚಲಲ್ಲಿ ಜಾರಿಬಿದ್ದೆ’ ಎಂದು ಆಕೆ ಹೇಳಿದರೆ, ಪಕ್ಕದಲ್ಲೇ ಗಂಡನ ಕಡೆಯವರು ನಿಂತಿದ್ದಾರೆಂಬುದನ್ನು ಗಮನಿಸಿ, ಅವರನ್ನು ಹೊರಗೆ ಕಳಿಸಿ ಇನ್ನೊಮ್ಮೆ ಕೇಳುವಷ್ಟು ವ್ಯವಧಾನ ರಾತ್ರಿ ಪಾಳಿಯ ವೈದ್ಯರಿಗೆ ಇರಬೇಕು. ಠಾಣೆಯಲ್ಲಿ ನಡೆಯುವುದು ಬಹಳ ಮಟ್ಟಿಗೆ ಗೊತ್ತಿರುವ ಕ್ರಮ: ಗಂಡನನ್ನು ಕರೆಸುವುದು, ಎರಡೂ ಕಡೆಯ ಹಿರಿಯರನ್ನು ಕೂರಿಸುವುದು, ಇನ್ನು ಮುಂದೆ ಹೀಗೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು ಜೋಡಿಯಾಗಿ ಮನೆಗೆ ಕಳಿಸುವುದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಮುನಿಸು ವಿರಸಗಳಿಗೆ ಹೊಂದಬಹುದು. ಮೂಗಿನಿಂದ ರಕ್ತ ಸೋರುತ್ತಿರುವ ಹೆಂಗಸಿನ ಎದುರು ಅದನ್ನು ನುಡಿಯುವುದು ಕರ್ತವ್ಯ ಲೋಪ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 5ನೇ ಕಲಮಿನ ಪ್ರಕಾರ, ನೊಂದವರ ನೆರವಿಗೆ ಸರ್ಕಾರ ಗೊತ್ತುಪಡಿಸುವ ಸಂರಕ್ಷಣಾಧಿಕಾರಿಯ ಬಗ್ಗೆ, ಉಚಿತ ಕಾನೂನು ನೆರವಿನ ಬಗ್ಗೆ, ನ್ಯಾಯಾಲಯದಿಂದ ದೊರೆಯಬಹುದಾದ ಪರಿಹಾರಗಳ ಬಗ್ಗೆ ಆಕೆಗೆ ತಿಳಿಸಿ ಹೇಳುವುದು ಪೊಲೀಸರ ಹೊಣೆ.

ಆ ರಾತ್ರಿಗೆ ತಾಲ್ಲೂಕು ಮಟ್ಟದಲ್ಲೇ ಒಂದು ಸುರಕ್ಷಿತ ಕೋಣೆ, ಒಬ್ಬ ಹೆಂಗಸಿನ ಕಾವಲು, ಮಗುವಿಗೆ ಹಾಲು, ಮಾರನೆಯ ದಿನ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯುವ ವಾಹನ — ಇಷ್ಟಿದ್ದರೆ ಎಷ್ಟೋ ಮುಚ್ಚಳಿಕೆಗಳು ಬರೆಯಲ್ಪಡುವುದೇ ಇಲ್ಲ. ರಾಜ್ಯದಲ್ಲಿ ಈ ದಿಕ್ಕಿನ ಪ್ರಯತ್ನ ಹೊಸದೇನಲ್ಲ. 2000ದ ದಶಕದ ಆರಂಭದಲ್ಲೇ ಸ್ವಯಂಸೇವಾ ಸಂಸ್ಥೆಗಳ ಮೂಲಕ ಶುರುವಾದ ಸಾಂತ್ವನ ಕೇಂದ್ರಗಳು ಆಪ್ತಸಮಾಲೋಚನೆ, ಕಾನೂನು ಸಲಹೆ, ತಾತ್ಕಾಲಿಕ ಆಶ್ರಯಗಳನ್ನು ತಾಲ್ಲೂಕುಗಳವರೆಗೂ ಒಯ್ದಿದ್ದವು. ಕೇಂದ್ರ ಸರ್ಕಾರದ ನಿರ್ಭಯಾ ನಿಧಿಯಿಂದ 2015ರಲ್ಲಿ ಸಖಿ ಕೇಂದ್ರಗಳ ಯೋಜನೆ ಬಂತು. ಒಂದೇ ಸೂರಿನಡಿ ವೈದ್ಯಕೀಯ ನೆರವು, ಪೊಲೀಸ್, ವಕೀಲರು, ಸಮಾಲೋಚಕರು ಸಿಗಬೇಕೆಂಬ ಅದರ ಕಲ್ಪನೆ ನಿಸ್ಸಂಶಯವಾಗಿ ಒಳ್ಳೆಯದು. ಆದರೆ ಸಖಿ ಇದ್ದ ಮೇಲೆ ಸಾಂತ್ವನ ಯಾಕೆ ಎಂಬ ಲೆಕ್ಕಾಚಾರ ಅದರ ಬೆನ್ನಿಗೇ ಬಂತು. ಇದು ದುಡ್ಡಿನ ಲೆಕ್ಕ ಮಾತ್ರ, ದೂರದ ಲೆಕ್ಕವಲ್ಲ. ಸಖಿ ಬಹುಮಟ್ಟಿಗೆ ಜಿಲ್ಲೆಗೊಂದು, ನಮ್ಮಲ್ಲಿ ತಾಲ್ಲೂಕುಗಳು ಇನ್ನೂರಕ್ಕೂ ಹೆಚ್ಚು. ನಡುರಾತ್ರಿ ಹೊರಬಿದ್ದ ಹೆಂಗಸು ಎಷ್ಟು ದೂರ ಹೋಗಬಲ್ಲಳು ಎಂಬುದೇ ಇಲ್ಲಿ ಅಳತೆಗೋಲು ಆಗಬೇಕಿತ್ತು.

ಕಾನೂನಿನಲ್ಲಿ ಬರೆದಿರುವುದು

2005ರಲ್ಲಿ ಸಂಸತ್ತು ಅಂಗೀಕರಿಸಿ 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಈ ಕಾಯ್ದೆಯನ್ನು ಓದಿದಷ್ಟೂ ಅದನ್ನು ಬರೆದವರಿಗೆ ಮನೆಯೊಳಗಿನ ಹಿಂಸೆಯ ಬಗೆಗಳು ಎಷ್ಟು ಚೆನ್ನಾಗಿ ಗೊತ್ತಿದ್ದವು ಎಂಬುದು ಮನವರಿಕೆಯಾಗುತ್ತದೆ. ನಿಯಮಗಳ ಜೊತೆಗಿರುವ ಮೊದಲ ನಮೂನೆ, ಅಂದರೆ ಕಚೇರಿಗಳಲ್ಲಿ ಡಿಐಆರ್ ಎಂದು ಕರೆಯುವ ಕೌಟುಂಬಿಕ ಘಟನಾ ವರದಿಯನ್ನೇ ನೋಡಿ. ಹೊಡೆಯುವುದು, ಕಚ್ಚುವುದು, ಒದೆಯುವುದರ ಸಾಲಿನ ಜೊತೆಗೆ ಗಂಡುಮಗು ಹೆರಲಿಲ್ಲವೆಂದು ಹಂಗಿಸುವುದು, ಆತ್ಮಹತ್ಯೆ ಮಾಡಿಕೊಳ್ಳುತ್ತೇನೆಂದು ಬೆದರಿಸುವುದು, ಊಟ, ಬಟ್ಟೆ, ಔಷಧಕ್ಕೆ ದುಡ್ಡು ಕೊಡದಿರುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು, ಸಂಬಳ ಕಿತ್ತುಕೊಳ್ಳುವುದು, ಬಾಡಿಗೆ ಕಟ್ಟದಿರುವುದು, ಸ್ತ್ರೀಧನವನ್ನು ಆಕೆಗೆ ತಿಳಿಸದೆ ಅಡವಿಡುವುದು — ಇವೆಲ್ಲಕ್ಕೂ ಅಲ್ಲಿ ಬೇರೆ ಬೇರೆ ಅಂಕಣಗಳಿವೆ. ವರ್ಷಗಟ್ಟಲೆ ತನ್ನ ಹಣೆಬರಹವೆಂದು ನುಂಗಿಕೊಂಡಿದ್ದ ಸಂಗತಿ ಸರ್ಕಾರದ ನಮೂನೆಯಲ್ಲೇ ಅಚ್ಚಾಗಿರುವುದನ್ನು ಕಂಡ ಹೆಂಗಸಿಗೆ ತಾನು ಅನುಭವಿಸಿದ್ದು ಅಪರಾಧವೆಂಬುದು ಮೊದಲ ಬಾರಿ ಹೊಳೆಯುವುದುಂಟು.

ಆಶ್ರಯದ ವಿಷಯದಲ್ಲೂ ಕಾಯ್ದೆ ಅಷ್ಟೇ ಸ್ಪಷ್ಟ. ನೊಂದ ಮಹಿಳೆಯಾಗಲಿ, ಆಕೆಯ ಪರವಾಗಿ ಸಂರಕ್ಷಣಾಧಿಕಾರಿಯಾಗಲಿ ಕೋರಿದರೆ ಆಶ್ರಯ ಧಾಮದ ಉಸ್ತುವಾರಿ ಹೊತ್ತವರು ಆಶ್ರಯ ಕೊಡಲೇಬೇಕು ಎನ್ನುತ್ತದೆ 6ನೇ ಕಲಂ. ಮೊದಲು ಡಿಐಆರ್ ದಾಖಲಿಸಿಲ್ಲ ಎಂಬ ಕಾರಣಕ್ಕೆ ಆಕೆಯನ್ನು ವಾಪಸು ಕಳಿಸುವಂತಿಲ್ಲ, ಆಕೆ ಬಯಸಿದರೆ ಅಲ್ಲಿದ್ದಾಳೆಂಬ ಸುಳಿವನ್ನು ಗಂಡನಿಗೆ ಕೊಡುವಂತಿಲ್ಲ ಎನ್ನುತ್ತದೆ ನಿಯಮ 16. ‘ಎಫ್‌ಐಆರ್ ಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ’ ಎಂದು ಹೇಳುವ ಅಧಿಕಾರ ಯಾವ ಧಾಮಕ್ಕೂ ಇಲ್ಲ. ಈ ಒಂದು ನಿಯಮವನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಪ್ರತಿ ಧಾಮದ ಬಾಗಿಲಿಗೆ, ಪ್ರತಿ ಠಾಣೆಯ ಗೋಡೆಗೆ ಹಾಕಬೇಕು.

ಅದಕ್ಕಿಂತ ಮಹತ್ವದ್ದು 19ನೇ ಕಲಂ. ಮನೆ ಬಿಟ್ಟು ಹೋಗಬೇಕಾದವಳು ಏಟು ತಿಂದವಳೇ ಯಾಕೆ, ಏಟು ಕೊಟ್ಟವನು ಯಾಕಲ್ಲ ಎಂಬ ಪ್ರಶ್ನೆಗೆ ಕಾನೂನು ಕೊಟ್ಟ ಉತ್ತರ ಅದು. ಕೂಡಿ ಬಾಳಿದ ಮನೆಯಿಂದ ಆಕೆಯನ್ನು ಹೊರಹಾಕದಂತೆ ಗಂಡನನ್ನು ತಡೆಯಲು, ಅಗತ್ಯ ಬಿದ್ದರೆ ಅವನನ್ನೇ ಮನೆಯಿಂದ ಹೊರಗೆ ಕಳಿಸಲು, ಇಲ್ಲವೆ ಅದೇ ಮಟ್ಟದ ಬೇರೆ ಮನೆ ಮಾಡಿಕೊಡಲು ಅಥವಾ ಅದರ ಬಾಡಿಗೆ ಕಟ್ಟಲು ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ತುರ್ತಿದ್ದರೆ ಎದುರು ಪಕ್ಷದವರು ಬರುವವರೆಗೂ ಕಾಯದೆ 23ನೇ ಕಲಮಿನಡಿ ಮಧ್ಯಂತರ ಆದೇಶ ಕೊಡಬಹುದು. ಮನೆ ಮಾವನ ಹೆಸರಿನಲ್ಲಿದೆ, ಗಂಡನಿಗೆ ಅದರಲ್ಲಿ ಪಾಲಿಲ್ಲ ಎಂಬ ವಾದವೊಂದು ಬಹುಕಾಲ ಸೊಸೆಯರನ್ನು ಬೀದಿಗೆ ತಂದಿತ್ತು. ಮನೆ ಗಂಡನ ಸ್ವಂತದ್ದೇ ಆಗಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 15ರ ತೀರ್ಪಿನಲ್ಲಿ ಹೇಳಿ, ತನ್ನದೇ ಹಳೆಯ ತೀರ್ಪನ್ನು ಬದಿಗಿಟ್ಟಿತು. 2022ರ ಮೇ ತಿಂಗಳ ಇನ್ನೊಂದು ತೀರ್ಪು, ಡಿಐಆರ್ ಇಲ್ಲದಿದ್ದರೂ ಮ್ಯಾಜಿಸ್ಟ್ರೇಟರು ಆದೇಶ ಹೊರಡಿಸಬಹುದು ಎಂದು ಸ್ಪಷ್ಟಪಡಿಸಿತು.

ಆದರೂ ಮನೆಯಿಂದ ಗಂಡನೇ ಹೊರಹೋದ ಉದಾಹರಣೆಗಳು ಕಣ್ಣಿಗೆ ಬೀಳುವುದು ಅಪರೂಪ. ಕೋರ್ಟಿನ ಆದೇಶ ಕೈಯಲ್ಲಿದ್ದರೂ ಅತ್ತೆ, ಮಾವ, ಮೈದುನರ ನಡುವೆ ಒಂಟಿಯಾಗಿ ಆ ಮನೆಯಲ್ಲಿ ಅಡುಗೆ ಮಾಡಿ ಮಲಗುವುದು ಎಲ್ಲರಿಂದಲೂ ಆಗುವ ಮಾತಲ್ಲ. ಆದ್ದರಿಂದ ವಾಸದ ಹಕ್ಕು ಮತ್ತು ಆಶ್ರಯ ಧಾಮ ಇವೆರಡೂ ಜೊತೆಜೊತೆಗೇ ಬೇಕು. ಒಂದಿದೆಯೆಂದು ಇನ್ನೊಂದನ್ನು ಕೈಬಿಡುವಂತಿಲ್ಲ.

ಈ ಎಲ್ಲವೂ ನಿಂತಿರುವುದು ಸಂರಕ್ಷಣಾಧಿಕಾರಿ ಎಂಬ ಹುದ್ದೆಯ ಮೇಲೆ. ಡಿಐಆರ್ ಬರೆಯುವುದು, ಸುರಕ್ಷತೆಯ ಯೋಜನೆ ಸಿದ್ಧಪಡಿಸುವುದು, ವೈದ್ಯಕೀಯ ತಪಾಸಣೆ ಮಾಡಿಸುವುದು, ಆಶ್ರಯಕ್ಕೆ ಕರೆದೊಯ್ಯುವುದು, ಹಣದ ಪರಿಹಾರದ ಆದೇಶ ಪಾಲನೆಯಾಗುತ್ತಿದೆಯೇ ಎಂದು ನೋಡುವುದು, ಎಲ್ಲವೂ ಅವರ ಕೆಲಸ. ಕರ್ನಾಟಕದಲ್ಲಿ ಈ ಹೊಣೆಯನ್ನು ಹೊತ್ತಿರುವವರು ಮುಖ್ಯವಾಗಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು, ಜನರ ಬಾಯಲ್ಲಿ ಸಿಡಿಪಿಒಗಳು. ನೂರಾರು ಅಂಗನವಾಡಿಗಳ ಮೇಲ್ವಿಚಾರಣೆ, ಪೌಷ್ಟಿಕ ಆಹಾರದ ಸರಬರಾಜು, ಗೃಹಲಕ್ಷ್ಮಿ ಅರ್ಜಿಗಳ ತಕರಾರು, ಸಭೆ, ವರದಿ, ಚುನಾವಣೆ ಕೆಲಸ ಇವೆಲ್ಲದರ ಮೇಲೆ ಹೆಚ್ಚುವರಿ ಪ್ರಭಾರವಾಗಿ ಬಂದ ಹುದ್ದೆ ಇದು. ಅವರಲ್ಲಿ ನಿಷ್ಠೆಯಿಂದ ದುಡಿಯುವವರು ಬಹಳ ಮಂದಿ ಇದ್ದಾರೆ. ಆದರೆ ಒಬ್ಬಳ ಜೊತೆ ಎರಡು ಗಂಟೆ ಕುಳಿತು, ಅವಳ ಅಳು ನಿಲ್ಲುವವರೆಗೆ ಕಾದು, ಆ ನಮೂನೆಯ ಅಂಕಣಗಳನ್ನು ಸರಿಯಾಗಿ ತುಂಬುವ ಪುರುಸೊತ್ತು ಅವರಿಗೆಲ್ಲಿಂದ ಬರಬೇಕು? 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಎಲ್ಲ ರಾಜ್ಯಗಳೂ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಆರು ವಾರಗಳೊಳಗೆ ಗೊತ್ತುಪಡಿಸಬೇಕು, ಆಶ್ರಯ ತಾಣಗಳನ್ನು ಗುರುತಿಸಬೇಕು ಎಂದು ನಿರ್ದೇಶಿಸಿತು. ಆದೇಶ ಸ್ವಾಗತಾರ್ಹವೇ. ಆದರೆ ಈಗಾಗಲೇ ಸಿಡಿಪಿಒಗಳನ್ನು ಗೊತ್ತುಪಡಿಸಿರುವ ನಮ್ಮಂಥ ರಾಜ್ಯದಲ್ಲಿ ಕಾಗದದ ಮೇಲೆ ಅದನ್ನು ಪಾಲಿಸುವುದು ಸುಲಭ. ಪೂರ್ಣಾವಧಿಯ, ಅದೊಂದೇ ಕೆಲಸದ ಅಧಿಕಾರಿ ತಾಲ್ಲೂಕಿಗೊಬ್ಬರು ಬರುವವರೆಗೆ ನೊಂದವರ ಪಾಲಿಗೆ ಹೆಚ್ಚೇನೂ ಬದಲಾಗದು.

ಧಾಮದ ಒಳಗೆ

ಐದು ದಿನ ಕಳೆದ ಮೇಲೆ ಹೋಗಲು ಜಾಗವೇ ಇಲ್ಲವೆಂದಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿಯಂಥ ನಗರಗಳಲ್ಲಿ ಸರ್ಕಾರದ ರಾಜ್ಯ ಮಹಿಳಾ ನಿಲಯಗಳಿವೆ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಸ್ವಾಧಾರ ಗೃಹಗಳು ಈಗ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆಯಡಿ ಶಕ್ತಿ ಸದನಗಳಾಗಿವೆ. ಸ್ವಾಧಾರದ ನಿಯಮದಂತೆ ಕೌಟುಂಬಿಕ ಹಿಂಸೆಗೆ ಒಳಗಾದವರು ಅಲ್ಲಿ ಒಂದು ವರ್ಷದವರೆಗೆ ಇರಬಹುದಿತ್ತು. ಇತರ ಸಂಕಷ್ಟದಲ್ಲಿರುವವರಿಗೆ ಮೂರು ವರ್ಷ. ಗಂಡನ ಮನೆಯಿಂದ ಬಂದವಳು ಬೇಗ ಹಿಂತಿರುಗುತ್ತಾಳೆ ಎಂಬ ನಿರೀಕ್ಷೆ ಈ ವ್ಯತ್ಯಾಸದ ಹಿಂದೆ ಇತ್ತೆಂದು ನನಗೆ ತೋರುತ್ತದೆ.

ಆದರೆ ಧಾಮದ ಒಳಗಿನ ಬದುಕು ಹಿಂಸೆಯಿಂದ ಬಂದವಳ ಅಗತ್ಯಕ್ಕೆ ತಕ್ಕಂತೆ ರೂಪುಗೊಂಡಿದ್ದಲ್ಲ. ಮನೆಯಿಂದ ಓಡಿಬಂದ ಹುಡುಗಿ, ಮಾನಸಿಕ ಅಸ್ವಸ್ಥತೆಯಿಂದ ಬೀದಿಯಲ್ಲಿದ್ದವರು, ಮಾನವ ಸಾಗಣೆಯ ಜಾಲದಿಂದ ಪಾರಾಗಿ ಬಂದವರು, ದಿಕ್ಕಿಲ್ಲದ ವೃದ್ಧೆ, ಇವರೆಲ್ಲರ ಜೊತೆ ಒಂದೇ ಕಟ್ಟಡದಲ್ಲಿ ಆಕೆಯೂ ಇರಬೇಕಾಗುತ್ತದೆ. ಇವರಲ್ಲಿ ಪ್ರತಿಯೊಬ್ಬರಿಗೂ ಬೇಕಾದ ಆರೈಕೆ ಬೇರೆ. ಸುರಕ್ಷತೆಯ ಹೆಸರಿನಲ್ಲಿ ಗೇಟಿಗೆ ಬೀಗ, ಮೊಬೈಲಿಗೆ ನಿರ್ಬಂಧ, ಹೊರಗೆ ಹೋಗಲು ಅನುಮತಿ ಎಂಬ ಕಟ್ಟಳೆಗಳಿದ್ದರೆ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುವವಳು, ಅಂಗಡಿಯಲ್ಲಿ ದುಡಿಯುವವಳು, ನಾಲ್ಕು ಮನೆಯ ಕಸಮುಸುರೆ ಮಾಡುವವಳು ಮೊದಲು ಕಳೆದುಕೊಳ್ಳುವುದು ಕೆಲಸವನ್ನೇ. ಗಂಡನಿಂದ ಬೇರೆಯಾಗಿ ನಿಲ್ಲಲು ಆಕೆಗಿದ್ದ ಒಂದೇ ಊರುಗೋಲು ಆ ಸಂಬಳ.

ಮಕ್ಕಳ ವಿಷಯ ಇನ್ನೂ ಕಠಿಣ. ಹೆಣ್ಣುಮಕ್ಕಳನ್ನು ತಾಯಿಯ ಜೊತೆ ಇಟ್ಟುಕೊಳ್ಳಬಹುದು. ಗಂಡುಮಕ್ಕಳಿಗೆ ಮಾತ್ರ ವಯಸ್ಸಿನ ಮಿತಿ. ಸ್ವಾಧಾರದಲ್ಲಿ ಅದು 8 ವರ್ಷವಿತ್ತು, ಮಿಷನ್ ಶಕ್ತಿ ಅದನ್ನು 12ಕ್ಕೆ ಏರಿಸಿದೆ. ಹದಿಮೂರು ವರ್ಷದ ಮಗನಿದ್ದರೆ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬಾಲಕರ ಬಾಲಮಂದಿರಕ್ಕೆ ಕಳಿಸಬೇಕು, ಇಲ್ಲವೆ ಅಪ್ಪನ ಬಳಿಯೇ ಬಿಡಬೇಕು. ತಾಯಿಗೆ ಬೀಳುವ ಏಟಿಗೆ ಅಡ್ಡ ನಿಂತು ತಾನೂ ಪೆಟ್ಟು ತಿಂದಿರುವವನು ಎಷ್ಟೋ ಮನೆಗಳಲ್ಲಿ ಆ ಮಗನೇ. ಅವನನ್ನು ಬಿಟ್ಟು ಬಾ ಎಂದರೆ ಯಾವ ತಾಯಿ ಬಂದಾಳು? ಇತರ ನಿವಾಸಿಗಳ ಖಾಸಗಿತನದ ಪ್ರಶ್ನೆ ನಿಜವಾದದ್ದೇ. ಅದಕ್ಕೆ ಪರಿಹಾರ, ಒಂದೇ ಹಜಾರದ ಬದಲು ಪ್ರತಿ ಕುಟುಂಬಕ್ಕೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ.

ಇನ್ನು ಸಮಾಲೋಚನೆ. ನಮ್ಮ ಕೇಂದ್ರಗಳಲ್ಲಿ ಈ ಕೆಲಸ ಮಾಡುವವರ ಮೇಲೆ ‘ಎಷ್ಟು ಪ್ರಕರಣ ರಾಜಿಯಾಯಿತು’ ಎಂಬ ಅಂಕಿಯ ಒತ್ತಡ ಬೀಳುತ್ತದೆ, ರಾಜಿಯಾದದ್ದು ಯಶಸ್ಸೆಂದು ವರದಿಯಾಗುತ್ತದೆ. ಕಾಯ್ದೆಯ ನಿಯಮ 14 ಹೇಳುವುದು ಬೇರೆಯೇ: ಹಿಂಸೆಗೆ ಯಾವ ಸಮರ್ಥನೆಯನ್ನೂ ಸಮಾಲೋಚನೆಯಲ್ಲಿ ಗಂಡನ ಕಡೆಯಿಂದ ಕೇಳಿಸಿಕೊಳ್ಳುವಂತಿಲ್ಲ, ಆ ಸಂಗತಿಯನ್ನು ಅವನಿಗೆ ಮೊದಲೇ ತಿಳಿಸಿರಬೇಕು, ಇನ್ನು ಮುಂದೆ ಹಿಂಸೆ ಮಾಡುವುದಿಲ್ಲವೆಂದು ಅವನಿಂದ ಮಾತು ಪಡೆಯಬೇಕು. ‘ಅಡುಗೆ ಸರಿ ಮಾಡಲಿಲ್ಲ, ಎದುರು ಮಾತಾಡಿದಳು, ಅದಕ್ಕೆ ಕೈ ಎತ್ತಿದೆ’ ಎಂಬುದು ಅಲ್ಲಿ ವಾದವೇ ಅಲ್ಲ. ನಿಗದಿತ ಏಳು ಕಾರಣಗಳಲ್ಲಿ ಒಂದಕ್ಕಾದರೂ ಹೆಂಡತಿಗೆ ಹೊಡೆಯುವುದು ಸರಿ ಎಂದು ಒಪ್ಪಿಕೊಂಡವರು ಕರ್ನಾಟಕದ ಗಂಡಸರಲ್ಲಿ ಶೇ 82ರಷ್ಟು, ಹೆಂಗಸರಲ್ಲಿ ಶೇ 77ರಷ್ಟು ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸಮಾಲೋಚಕಿಯರೂ ಪೊಲೀಸರೂ ಬರುವುದು ಇದೇ ಸಮಾಜದಿಂದ. ಆದ್ದರಿಂದ ಅವರಿಗೆ ಕೊಡುವ ತರಬೇತಿಯನ್ನು ಒಂದು ದಿನದ ಕಾರ್ಯಾಗಾರಕ್ಕೆ ಮುಗಿಸಿಬಿಡುವುದು ಏನೂ ಮಾಡದಿರುವುದಕ್ಕೆ ಸಮ.

ಕಾಗದಪತ್ರ, ಬಾಡಿಗೆ, ಶಾಲೆ

ಧಾಮದಿಂದ ಹೊರಬಿದ್ದು ಸ್ವಂತ ಕಾಲ ಮೇಲೆ ನಿಲ್ಲಲು ಹೊರಟವಳನ್ನು ಕಾಡುವುದು ಕಣ್ಣಿಗೆ ಕಾಣದ ಸಣ್ಣಪುಟ್ಟ ತೊಡಕುಗಳು. ರೇಷನ್ ಕಾರ್ಡನ್ನೇ ತೆಗೆದುಕೊಳ್ಳಿ. ಸೊಸೆಯ ಹೆಸರು ಗಂಡನ ಮನೆಯ ಕಾರ್ಡಿನಲ್ಲಿರುತ್ತದೆ, ಅಲ್ಲಿ ಯಜಮಾನಿ ಅತ್ತೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಸೇರುವುದು ಆ ಯಜಮಾನಿಯ ಖಾತೆಗೆ. ಹೊಡೆತ ತಿಂದು ಹೊರಬಂದವಳು ಪ್ರತ್ಯೇಕ ಕಾರ್ಡು ಮಾಡಿಸಿಕೊಳ್ಳಬೇಕಾದರೆ ಮೊದಲು ಹಳೆಯ ಕಾರ್ಡಿನಿಂದ ಹೆಸರು ತೆಗೆಸಬೇಕು, ಬೇರೆ ವಿಳಾಸದ ದಾಖಲೆ ಕೊಡಬೇಕು. ವಿಳಾಸವೇ ಇಲ್ಲದವಳು ಅದನ್ನು ಎಲ್ಲಿಂದ ತಂದಾಳು? ಮಹಿಳೆಗೆಂದು ರೂಪಿಸಿದ ನೆರವು ತೀರಾ ನಿರ್ಗತಿಕಳಾದ ಹೊತ್ತಿನಲ್ಲೇ ಅವಳ ಕೈತಪ್ಪುತ್ತದೆ. ಡಿಐಆರ್ ಅಥವಾ ಧಾಮದ ಪತ್ರವನ್ನೇ ವಿಳಾಸದ ದಾಖಲೆಯಾಗಿ ಒಪ್ಪಿ, ಹಳೆಯ ಕಾರ್ಡಿನವರ ಒಪ್ಪಿಗೆಗೆ ಕಾಯದೆ ತಾತ್ಕಾಲಿಕ ಕಾರ್ಡು ಕೊಡುವ ಒಂದು ಸುತ್ತೋಲೆ ಹೊರಡಿಸಲು ಆಹಾರ ಇಲಾಖೆಗೆ ದೊಡ್ಡ ಖರ್ಚೇನೂ ಆಗದು.

ಮಕ್ಕಳ ಶಾಲೆಯದೂ ಇಂಥದೇ ಕಥೆ. ಅಪ್ಪನ ಸಹಿ ಇಲ್ಲದೆ ಟಿಸಿ ಕೊಡುವುದಿಲ್ಲವೆಂದು ಹಳೆಯ ಶಾಲೆ, ಟಿಸಿ ಇಲ್ಲದೆ ಸೇರಿಸಿಕೊಳ್ಳುವುದಿಲ್ಲವೆಂದು ಹೊಸ ಶಾಲೆ ಹೇಳಿದರೆ ಮಕ್ಕಳ ವರ್ಷ ಹಾಳಾಗುತ್ತದೆ. ಟಿಸಿ ತಡವಾಯಿತೆಂಬ ಕಾರಣಕ್ಕೆ ಒಂದರಿಂದ ಎಂಟನೇ ತರಗತಿಯ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಹೇಳುತ್ತದೆ. ಇದನ್ನು ಮುಖ್ಯೋಪಾಧ್ಯಾಯರ ಮುಂದೆ ಹೇಳಿ ಕೆಲಸ ಮಾಡಿಸಿಕೊಡಲು ಯಾರಾದರೂ ಆಕೆಯ ಜೊತೆಗೆ ಹೋಗಬೇಕು. ಬಾಡಿಗೆ ಮನೆ ಹುಡುಕುವಾಗಲೂ ಅಷ್ಟೇ. ಹಲವು ತಿಂಗಳ ಮುಂಗಡ ಕೇಳುವ ಮೊದಲೇ ಮನೆಯ ಮಾಲೀಕರ ಪ್ರಶ್ನೆ ಬರುತ್ತದೆ: ‘ನಿಮ್ಮ ಯಜಮಾನ್ರು ಏನ್ಮಾಡ್ತಾರಮ್ಮ?’ ಇಲ್ಲವೆಂದರೆ ಮನೆ ಇಲ್ಲ. ಇದ್ದಾರೆ, ಬೇರೆ ಊರಿನಲ್ಲಿದ್ದಾರೆ ಎಂದು ಸುಳ್ಳು ಹೇಳಿ ಮನೆ ಹಿಡಿದವಳು ಒಂದು ದಿನ ಗಂಡ ಬಾಗಿಲಲ್ಲಿ ಬಂದು ಗಲಾಟೆ ಮಾಡಿದರೆ ಮತ್ತೆ ಖಾಲಿ ಮಾಡಬೇಕು.

ಆದ್ದರಿಂದ ನಮಗೆ ತುರ್ತಾಗಿ ಬೇಕಾಗಿರುವುದು ಧಾಮಕ್ಕೂ ಸ್ವಂತ ಮನೆಗೂ ನಡುವಿನ ಒಂದು ಹಂತ: ಆರು ತಿಂಗಳಿನಿಂದ ಎರಡು ವರ್ಷದವರೆಗೆ ಕಡಿಮೆ ಬಾಡಿಗೆಗೆ ಸಿಗುವ ಸಣ್ಣ ಮನೆಗಳು. ಗೇಟಿಗೆ ಬೀಗವಿಲ್ಲದ, ಕೆಲಸಕ್ಕೆ ಹೋಗಿಬರಬಹುದಾದ, ಮಕ್ಕಳೆಲ್ಲ ಒಟ್ಟಿಗೆ ಇರಬಹುದಾದ, ವಾರಕ್ಕೊಮ್ಮೆ ಸಮಾಲೋಚಕಿ ಬಂದು ವಿಚಾರಿಸುವ ಮನೆಗಳು. ಗೃಹ ಮಂಡಳಿ, ಕೊಳಚೆ ಅಭಿವೃದ್ಧಿ ಮಂಡಳಿಗಳು ಕಟ್ಟುವ ವಸತಿ ಸಮುಚ್ಚಯಗಳಲ್ಲಿ ಒಂದಿಷ್ಟು ಮನೆಗಳನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಬಿಟ್ಟುಕೊಟ್ಟರೆ ಇದಕ್ಕಾಗಿ ಹೊಸ ಕಟ್ಟಡವೂ ಬೇಕಾಗದು. ಬಾಡಿಗೆಯ ಮುಂಗಡಕ್ಕೆ ಬಡ್ಡಿಯಿಲ್ಲದ ಸಾಲವೊಂದು ಸಿಕ್ಕಿದರೂ ಗೆದ್ದಂತೆ.

ಸಂಸಾರ ಒಡೆಯುವುದಕ್ಕೆ ಸರ್ಕಾರವೇ ಸವಲತ್ತು ಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರು ಇದ್ದಾರೆ. ಆಶ್ರಯ ಬಯಸಿ ಬಂದವರೆಲ್ಲ ಗಂಡನನ್ನು ಬಿಟ್ಟೇ ಬಿಡುತ್ತಾರೆಂದೇನೂ ಇಲ್ಲ. ಹಲವರು ಹಿಂತಿರುಗುತ್ತಾರೆ, ಹಿಂತಿರುಗುವ ಸ್ವಾತಂತ್ರ್ಯವೂ ಅವರದೇ. ಆದರೆ ಬೇರೆ ಜಾಗವಿಲ್ಲದೆ ಹಿಂತಿರುಗುವುದಕ್ಕೂ, ಹೋಗಲು ಜಾಗವಿದ್ದೂ ಗಂಡ ಬದಲಾಗಿದ್ದಾನೆಂದು ನಂಬಿ ಹಿಂತಿರುಗುವುದಕ್ಕೂ ಬಹಳ ಅಂತರವಿದೆ. ಎರಡನೆಯ ಸ್ಥಿತಿಯಲ್ಲಿ ಆಕೆಯ ಮಾತಿಗೆ ಆ ಮನೆಯಲ್ಲಿ ತೂಕವಿರುತ್ತದೆ. ಮತ್ತೆ ಕೈ ಎತ್ತಿದರೆ ಇವಳು ಹೊರಟುಬಿಡುತ್ತಾಳೆ ಎಂಬ ಅರಿವೇ ಕೆಲವು ಗಂಡಸರ ಕೈಯನ್ನು ತಡೆಯುತ್ತದೆ.

ಇದಕ್ಕೆ ಬೇಕಾದ ಮಾನವಶಕ್ತಿ ನಮ್ಮ ಹಳ್ಳಿಗಳಲ್ಲೇ ಇದೆ. 1989ರಲ್ಲಿ ಕರ್ನಾಟಕವೂ ಸೇರಿ ಮೂರು ರಾಜ್ಯಗಳಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮದ ಸಂಘಗಳು ಉತ್ತರ ಕರ್ನಾಟಕದ ಊರುಗಳಲ್ಲಿ ಇಂಥ ಜಗಳಗಳ ನಡುವೆ ನಿಂತು ಹೆಂಗಸಿನ ಪರವಾಗಿ ಮಾತಾಡುವುದನ್ನು ಕಲಿಸಿದ್ದವು. ಆ ಕಾರ್ಯಕ್ರಮಕ್ಕೆ ಕೇಂದ್ರದ ಅನುದಾನ ನಿಂತದ್ದು ದೊಡ್ಡ ನಷ್ಟ. ಕೇರಳದಲ್ಲಿ ಕುಟುಂಬಶ್ರೀಯ ಸ್ವಸಹಾಯ ಜಾಲದ ಭಾಗವಾಗಿ ಸ್ನೇಹಿತಾ ಕೇಂದ್ರಗಳು ತಾತ್ಕಾಲಿಕ ಆಶ್ರಯವನ್ನೂ ಸಲಹೆಯನ್ನೂ ಕೊಡುತ್ತಿವೆ. ನಮ್ಮಲ್ಲಿ ಸ್ತ್ರೀಶಕ್ತಿ ಗುಂಪುಗಳಿವೆ, ಸಂಜೀವಿನಿ ಒಕ್ಕೂಟಗಳಿವೆ, ಪ್ರತಿ ಊರಿನಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿದ್ದಾರೆ. ಯಾವ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಇವರಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಗೊತ್ತಾದದ್ದನ್ನು ಯಾರಿಗೆ ಹೇಳಬೇಕು, ಹೇಳಿದರೆ ತಮಗೇ ತೊಂದರೆಯಾಗುವುದೇ ಎಂಬುದು.

ಇದಕ್ಕೂ ಕಾಯ್ದೆಯಲ್ಲಿ ಉತ್ತರವಿದೆ. ಒಂದು ಮನೆಯಲ್ಲಿ ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯನ್ನೂ ಹೊರಿಸುವಂತಿಲ್ಲ ಎನ್ನುತ್ತದೆ 4ನೇ ಕಲಂ. ನೆರೆಮನೆಯವರು, ಮಗುವಿನ ಟೀಚರು, ಜೊತೆಗೆ ಕೆಲಸ ಮಾಡುವವರು ಎಲ್ಲರಿಗೂ ಇದು ಅನ್ವಯ. ಮಹಿಳಾ ಸಹಾಯವಾಣಿ 181, ತುರ್ತು ಪೊಲೀಸ್ ನೆರವು 112. ಕಾನೂನು ಸೇವಾ ಪ್ರಾಧಿಕಾರದ ಸಂಖ್ಯೆ 15100. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರು ಸಿಗುತ್ತಾರೆ, ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲೂ ಅದರ ಸಮಿತಿಗಳಿವೆ. ಮನೆ ಬಿಡುವ ಯೋಚನೆಯಲ್ಲಿರುವವರು ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಫೋಟೊ, ಆಸ್ಪತ್ರೆಯ ಚೀಟಿಗಳ ಒಂದೊಂದು ಪ್ರತಿಯನ್ನು ನಂಬಿಕಸ್ಥರೊಬ್ಬರ ಮನೆಯಲ್ಲಿ ಮೊದಲೇ ಇಟ್ಟಿರುವುದು ಒಳ್ಳೆಯದು. ಅದಾಗದಿದ್ದರೂ ಚಿಂತೆಯಿಲ್ಲ, ಒಂದು ಕಾಗದವೂ ಕೈಯಲ್ಲಿಲ್ಲದೆ ಬಂದವಳಿಗೂ ಆಶ್ರಯ ಕೇಳುವ ಹಕ್ಕಿದೆ.